ಅಡಿಕೆ ಸುಲಿಯುತ್ತಾ ನೋಡುವ ಇತಿಹಾಸ

ನಮ್ಮ ಮನೆಯಲ್ಲಿ ಮಳೆಗಾಲದ ರಾತ್ರಿ ಊಟ ಆದ ಮೇಲೆ ಅಡಿಕೆ ಸುಲಿಯಲು ಕೂರುವುದು ಟಿ.ವಿ. ಎದುರಿಗೇ. ಧಾರಾವಾಹಿ ಹಾಕಿದರೆ ಅಮ್ಮನ ಕೈ ನಿಲ್ಲುತ್ತದೆ, ಕ್ರಿಕೆಟ್ ಹಾಕಿದರೆ ನನ್ನದು. ಇತಿಹಾಸದ ಡಾಕ್ಯುಮೆಂಟರಿ ಆದರೆ ಕಿವಿ ಅಲ್ಲಿ, ಕಣ್ಣು ಕತ್ತಿಯ ಮೇಲೆ, ಕೆಲಸವೂ ಸಾಗುತ್ತದೆ. ಹಾಗೆ ಹಿಡಿದ ಚಟ ಇದು. ಕಾಸರಗೋಡಿನ ನಮ್ಮ ಬದಿಯಡ್ಕದ ಮಳೆ ಗೊತ್ತಲ್ವಾ, ಜೋರಾಗಿ ಹೊಡೆದರೆ ಡಿಶ್ ಕೈಕೊಡುತ್ತದೆ, ಯುದ್ಧದಲ್ಲಿ ಗೆದ್ದದ್ದು ಯಾರು ಅಂತ ಗೊತ್ತಾಗುವುದು ಮರುದಿನ!

ಸಿಕ್ಕಿದ್ದನ್ನೆಲ್ಲ ನೋಡುತ್ತೇನೆ ಅಂತಲ್ಲ. ಕೆಲವದರಲ್ಲಿ ಅದೇ ನಾಲ್ಕು ಕುದುರೆ ಅತ್ತಿಂದಿತ್ತ ಓಡುತ್ತವೆ, ಧೂಳು ಏಳುತ್ತದೆ, ಯಾರೋ ಗಡಸು ದನಿಯಲ್ಲಿ ಹೆದರಿಸುತ್ತಾರೆ, ಅಷ್ಟೇ. ಅದಕ್ಕಿಂತ ನಮ್ಮ ಯಕ್ಷಗಾನದ ಆಟದವರೇ ವಾಸಿ, ಕುದುರೆ ಇಲ್ಲದೆಯೇ ಕುದುರೆ ಕಾಣಿಸುತ್ತಾರೆ.

ನನಗೆ ಬೇಕಾದದ್ದು ಅಲ್ಲಿದ್ದವರ ಮಾತು. 1973ರಲ್ಲಿ ಬ್ರಿಟಿಷ್ ಟಿ.ವಿ.ಯಲ್ಲಿ ಬಂದ ‘ದಿ ವರ್ಲ್ಡ್ ಅಟ್ ವಾರ್’ ಅದಕ್ಕೇ ಇಷ್ಟ. 26 ಕಂತು. ಹಿಟ್ಲರನ ಸೆಕ್ರೆಟರಿಯಾಗಿದ್ದ ಟ್ರೌಡ್ಲ್ ಯುಂಗ, ಅವನ ಮಂತ್ರಿಯಾಗಿದ್ದ ಆಲ್ಬರ್ಟ್ ಸ್ಪೇರ್, ಇವರೆಲ್ಲ ಕುರ್ಚಿಯಲ್ಲಿ ಕೂತು ಸುಮ್ನೆ ಮಾತಾಡುತ್ತಾರೆ. ಕುದುರೆ ಯಾಕೆ ಬೇಕು ಹೇಳಿ?

ಮೊನ್ನೆ ಟಿಪ್ಪುವಿನ ರಾಕೆಟ್ ಬಗ್ಗೆ ಒಂದು ಬಂತು. ಕಬ್ಬಿಣದ ಕೊಳವೆಗೆ ಮದ್ದು ತುಂಬಿ, ಬಿದಿರಿಗೆ ಕಟ್ಟಿ ಹಾರಿಸುತ್ತಿದ್ದದ್ದು. ಅದನ್ನು ನೋಡಿಯೇ ಇಂಗ್ಲೆಂಡಿನಲ್ಲಿ ವಿಲಿಯಂ ಕಾಂಗ್ರೀವ್ ಅನ್ನುವವನು ತನ್ನ ರಾಕೆಟ್ ಮಾಡಿದ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಒಂದು ಹಾಳುಬಾವಿಯಿಂದ ಅಂಥ ಸಾವಿರಕ್ಕೂ ಜಾಸ್ತಿ ಕೊಳವೆ ಸಿಕ್ಕವು. ಅಲ್ಲಿಯವರೆಗೆ ತೂಕಡಿಸುತ್ತಿದ್ದ ಅಪ್ಪ, ನಗರ ಅಂದದ್ದೇ ಎದ್ದು ಕೂತರು. “ಅದು ಬಿದನೂರು ಅಲ್ವಾ? ನಮ್ಮ ಬೇಕಲ ಕೋಟೆ ಕಟ್ಟಿಸಿದವರ ಊರು!”

ಹೌದು, ಶಿವಪ್ಪನಾಯಕನ ಬಿದನೂರು. 1763ರಲ್ಲಿ ಹೈದರಾಲಿ ಹಿಡಿದದ್ದು ಅದನ್ನೇ. ಆಮೇಲೆ ಬೇಕಲವೂ ಮೈಸೂರಿನವರ ಕೈಸೇರಿತು. ಆದರೆ ಕಾರ್ಯಕ್ರಮ ಘಟ್ಟ ಇಳಿಯಲೇ ಇಲ್ಲ. ಬೇಕಲ ಟಿ.ವಿ.ಯಲ್ಲಿ ಬರುವುದು ಸಿನಿಮಾ ಹಾಡಿಗೆ ಮಾತ್ರ.

ಅಪ್ಪ ರಿಮೋಟ್ ತೆಗೆದುಕೊಂಡು ಸೌಂಡ್ ಕಡಿಮೆ ಮಾಡಿದರು. ಕೋಟೆಯಿಂದ ಶುರುವಾದ ಮಾತು 1956ಕ್ಕೆ ಬಂತು. ಆಗ ಅವರು ಮೂರನೇ ಕ್ಲಾಸು. ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ, ಪುತ್ತೂರಿನ ಅಜ್ಜನ ಮನೆ ಮೈಸೂರು ರಾಜ್ಯಕ್ಕೆ. ದೊಡ್ಡವರು ಜಗಲಿಯಲ್ಲಿ ಗುಸುಗುಸು ಮಾತಾಡುತ್ತಿದ್ದರಂತೆ, ಮಕ್ಕಳಿಗೆ ಇದ್ದ ಚಿಂತೆ ಒಂದೇ, ಇನ್ನು ರಜೆಗೆ ಅಜ್ಜನ ಮನೆಗೆ ಹೋಗಲಿಕ್ಕೆ ಬಿಡುತ್ತಾರಾ ಇಲ್ವಾ ಅಂತ. 1967ರಲ್ಲಿ ನಮ್ಮೂರು ಇರುವ ಚಂದ್ರಗಿರಿ ಹೊಳೆಯ ಬಡಗು ಭಾಗ ಮೈಸೂರಿಗೆ ಸೇರಬೇಕು ಅಂತ ಗಡಿ ವಿವಾದದ ಮಹಾಜನ ಆಯೋಗದ ವರದಿ ಬಂದಾಗ ಮನೆಯಲ್ಲಿ ಪಾಯಸ ಮಾಡಿದ್ದರಂತೆ. ವರದಿ ಹಾಗೇ ಉಳಿಯಿತು, ಪಾಯಸ ಮುಗಿಯಿತು ಅಂತ ನಕ್ಕರು.

ಎಲ್ಲ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದೇನೆ, 40 ನಿಮಿಷ. ಉದ್ದಕ್ಕೂ ಅಡಿಕೆ ಸುಲಿಯುವ ಸದ್ದು. ಒಂದು ಕಡೆ ಅಮ್ಮನ ದನಿಯೂ ಉಂಟು: “ಮಾತಾಡಿ ಆದರೆ ಆ ಗೋಣಿ ಇತ್ಲಾಗಿ ಕೊಡಿ.”