ಹಳೇ ಪ್ರಿಂಟು ಸ್ಕ್ಯಾನರ್ ಹತ್ತುವ ಮೊದಲು

ಅಭಿಮಾನಿಗಳು ದುಡ್ಡು ಕೂಡಿಸಿ ಹಳೇ ಸಿನಿಮಾದ ಥಿಯೇಟರ್ ಪ್ರಿಂಟು ಉಳಿಸಲು ಹೊರಟಾಗ ಮೊದಲು ಕೇಳುವ ಪ್ರಶ್ನೆ ಸ್ಕ್ಯಾನ್ (ಫಿಲ್ಮನ್ನು ಡಿಜಿಟಲ್ ಮಾಡುವುದು) 2ಕೆನಾ, ಅದಕ್ಕಿಂತ ಸ್ಪಷ್ಟವಾದ 4ಕೆನಾ ಅಂತ. ಮೈಸೂರು, ಮಂಡ್ಯ ಕಡೆಯ ಟಾಕೀಸು, ಗೋಡೌನುಗಳಿಂದ ಬರುವ ಡಬ್ಬ ಬಿಚ್ಚುವವರಾಗಿ ನಾವು ಹೇಳುವುದಿಷ್ಟು: ಅರ್ಧಕ್ಕಿಂತ ಹೆಚ್ಚು ಕೆಲಸ ರಿವೈಂಡರ್ (ಕೈಯಿಂದ ರೀಲು ಸುತ್ತುವ ಸಾಧನ) ಇರುವ ಮೇಜಿನ ಮೇಲೇ ಆಗಬೇಕು.

ಡಬ್ಬ ತೆಗೆದ ಕೂಡಲೇ ಮೂಗಿಗೆ ವಿನೆಗರ್ ಹೊಡೆದರೆ ಅಸಿಟೇಟ್ ಅನ್ನುವ ಪ್ಲಾಸ್ಟಿಕ್ಕಿನ ಫಿಲ್ಮು ಕೊಳೆಯುತ್ತಿದೆ ಅಂತಲೇ ಅರ್ಥ. ಆ ರೀಲನ್ನು ಬೇರೆಯವುಗಳ ಜೊತೆ ಇಡಬೇಡಿ, ಅದರ ಆವಿ ಪಕ್ಕದ ರೀಲನ್ನೂ ಕೆಡಿಸುತ್ತದೆ. ಆಷಾಢದ ತೇವದಲ್ಲಿ ಇದು ಇನ್ನೂ ಜೋರು, ತುಕ್ಕು ಹಿಡಿದ ತಗಡಿನ ಡಬ್ಬವಾದರಂತೂ ಹೇಳುವುದೇ ಬೇಡ.

ಆಮೇಲೆ ಕುಗ್ಗಿದೆಯಾ ನೋಡಿ. ಸ್ಟೀಲ್ ಸ್ಕೇಲಿನ ಪಕ್ಕ ಫಿಲ್ಮು ಮಲಗಿಸಿ ಅಂಚಿನ ತೂತುಗಳನ್ನು ಎಣಿಸಿ. 35 ಎಂಎಂ ಪ್ರಿಂಟಿನಲ್ಲಿ 100 ತೂತಿನ ಅಂತರ 475 ಮಿ.ಮೀ. ಇರಬೇಕು. 470ರ ಹತ್ತಿರ ಬಂದಿದ್ದರೆ ಶೇ 1ರಷ್ಟು ಕುಗ್ಗಿದೆ. ಅದನ್ನು ಹಲ್ಲಿನ ಚಕ್ರವಿರುವ ಯಂತ್ರಕ್ಕೆ ಹಾಕಿದರೆ ತೂತು ಹರಿಯುತ್ತದೆ. ಹಲ್ಲಿಲ್ಲದ ರೋಲರ್ ಸ್ಕ್ಯಾನರ್ರೇ ಬೇಕು.

ಒರೆಸಲು 99% ಐಸೊಪ್ರೊಪೈಲ್ ಆಲ್ಕೊಹಾಲ್, ನೂಲು ಬಿಡದ ಬಟ್ಟೆ. ಮೆಡಿಕಲ್ ಶಾಪಿನ 70% ಬೇಡವೇ ಬೇಡ, ಅದರ ನೀರಿಗೆ ಎಮಲ್ಷನ್ (ಚಿತ್ರವಿರುವ ಪದರ) ಉಬ್ಬುತ್ತದೆ. ಸೆಲ್ಲೊಟೇಪಿನ ಹಳೇ ಜೋಡಣೆಗಳನ್ನೆಲ್ಲ ಬಿಚ್ಚಿ, ಅಂಟು ತೆಗೆದು, ಹೊಸದಾಗಿ ಕೂಡಿಸಿ.

ಗೆರೆಗಳನ್ನು ಓದಲು ಕಲಿಯಿರಿ. ಕಲರ್ ಪ್ರಿಂಟಿನಲ್ಲಿ ಮೇಲಿನ ಪದರ ಮಜೆಂಟಾ (ನೇರಳೆಗೆಂಪು), ಮಧ್ಯ ಸಯಾನ್ (ಹಸಿರುನೀಲಿ), ತಳದಲ್ಲಿ ಹಳದಿ. ಹಸಿರು ಗೆರೆ ಕಂಡರೆ ಮೇಲಿನ ಪದರವಷ್ಟೇ ಹೋಗಿದೆ. ಹಳದಿ ಕಂಡರೆ ಎರಡು ಹೋಗಿವೆ, ಬಿಳಿಯಾದರೆ ಅಲ್ಲಿ ಚಿತ್ರವೇ ಇಲ್ಲ. ಕಪ್ಪು ಗೆರೆ ಸಾಮಾನ್ಯವಾಗಿ ಹಿಂಬದಿಯದು, ವೆಟ್ ಗೇಟಿನಲ್ಲಿ (ಫಿಲ್ಮನ್ನು ದ್ರವದಲ್ಲಿ ತೋಯಿಸಿ ಸ್ಕ್ಯಾನ್ ಮಾಡುವ ಏರ್ಪಾಡು) ಬಹುಪಾಲು ಮಾಯವಾಗುತ್ತದೆ. ಈ ಲೆಕ್ಕ ರೀಲುವಾರು ಬರೆದಿಟ್ಟರೆ ಕೆಟ್ಟ ಜಾಗ ತುಂಬಲು ಅದೇ ಸಿನಿಮಾದ ಎರಡನೇ ಪ್ರಿಂಟು ಎಲ್ಲೆಲ್ಲಿ ಬೇಕು ಅಂತ ಆಗಲೇ ಗೊತ್ತಾಗುತ್ತದೆ. ಹೆಚ್ಚಾಗಿ ಬೇಕಾಗುವುದು ರೀಲಿನ ತಲೆ ಮತ್ತು ಬಾಲಕ್ಕೆ, ಆಪರೇಟರ್ ಕೈ ತಾಗಿ ಸವೆದಿರುವುದು ಅಲ್ಲೇ.

ಸಿನಿಮಾ ಪೂರ್ತಿ ಇದೆಯಾ ಅನ್ನುವುದಕ್ಕೆ ಸಾಕ್ಷಿ ಮೊದಲ ರೀಲಿನ ಸೆನ್ಸಾರ್ ಸರ್ಟಿಫಿಕೇಟ್. ಅದರಲ್ಲಿ ರೀಲಿನ ಸಂಖ್ಯೆ, ಮೀಟರ್ ಲೆಕ್ಕದ ಉದ್ದ ಇರುತ್ತದೆ. 27.4 ಮೀಟರಿಗೆ ಒಂದು ನಿಮಿಷ. 110 ಮೀಟರ್ ಕಡಿಮೆ ಬಂದರೆ ನಾಲ್ಕು ನಿಮಿಷ ಕಾಣೆ, ಅಂದರೆ ಒಂದು ಹಾಡೇ ಕತ್ತರಿಸಿಹೋಗಿರಬಹುದು.

ಕೆಂಪಾದ ಪ್ರಿಂಟು ಕಂಡು ಕೈಬಿಡಬೇಡಿ. ಸಯಾನ್ ಮಾಸಿದೆ, ಪೂರ್ತಿ ಅಳಿದಿಲ್ಲ. ಆದರೆ ಉಳಿದ ಚೂರನ್ನು ಹಿಗ್ಗಿಸಬೇಕಾಗುವುದರಿಂದ 8 ಬಿಟ್ ವಿಡಿಯೊ ಸಾಲದು (ಬಿಟ್ ಹೆಚ್ಚಿದಷ್ಟೂ ಬಣ್ಣದ ಛಾಯೆಗಳು ಹೆಚ್ಚು), 10 ಬಿಟ್ ಲಾಗ್ ಅಥವಾ 16 ಬಿಟ್ ಡಿಪಿಎಕ್ಸ್ (ಫ್ರೇಮಿಗೊಂದು ಚಿತ್ರವಾಗಿ ಉಳಿಸುವ ಫೈಲು) ಕೇಳಿ ಪಡೆಯಿರಿ. ಗ್ರೇನ್ (ಫಿಲ್ಮಿನ ಸಹಜ ಕಣಗಳು) ಅಳಿಸುವ ಫಿಲ್ಟರ್ ದಯವಿಟ್ಟು ಹಾಕಬೇಡಿ, ಮುಖಗಳು ಮೇಣದಂತಾಗುತ್ತವೆ.

ಆಪ್ಟಿಕಲ್ ಸೌಂಡು, ಅಂದರೆ ಫಿಲ್ಮಿನ ಅಂಚಿನಲ್ಲೇ ಗೆರೆಯಾಗಿರುವ ಧ್ವನಿ, ಚಿತ್ರಕ್ಕಿಂತ ಸುಮಾರು 20 ಫ್ರೇಮ್ ಮುಂದೆ ಅಚ್ಚಾಗಿರುತ್ತದೆ. ಹಾಗಾಗಿ ಫಿಲ್ಮು ತುಂಡಾದ ಜಾಗದಲ್ಲಿ ಚಿತ್ರ ಮೊದಲು ಹಾರುತ್ತದೆ, ಮಾತು ಮುಕ್ಕಾಲು ಸೆಕೆಂಡಿಗಿಂತ ತುಸು ತಡವಾಗಿ. ಎರಡನೇ ಪ್ರಿಂಟಿನಿಂದ ಫ್ರೇಮ್ ತಂದು ತುಂಬುವಾಗ ಚಿತ್ರ, ಸೌಂಡು ಬೇರೆ ಬೇರೆಯಾಗಿ ತುಂಬಿ, ಇಲ್ಲದಿದ್ದರೆ ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ.

ಪ್ರಿಂಟು ಕೈಲಿದ್ದರೂ ಹಕ್ಕು ನಿರ್ಮಾಪಕರದ್ದೇ, ಬಿಡುಗಡೆಯ ಮರುವರ್ಷದಿಂದ 60 ವರ್ಷ. ಸ್ಕ್ಯಾನಿಗೆ ಮೊದಲೇ ಬರವಣಿಗೆಯಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಸ್ಕ್ಯಾನ್ ಮುಗಿದ ರೀಲನ್ನು ಬಿಗಿಯಿಲ್ಲದೆ ಸುತ್ತಿ, ಗಾಳಿಯಾಡುವ ಪ್ಲಾಸ್ಟಿಕ್ ಡಬ್ಬದಲ್ಲಿ ಮಲಗಿಸಿ ಇಡಿ.