ನಿಮ್ಮಪ್ಪ ಬೀಡಿ ಸೇದಿಯೂ ಗಟ್ಟಿಯಾಗಿರಲಿಲ್ವಾ?

ಮನೆಗೆ ಬಂದವರು ಯಾರೇ ಬೆಂಕಿಪೊಟ್ಟಣಕ್ಕೆ ಜೇಬು ತಡಕಿದರೂ ನಾನು ಗೇಟಿನ ಕಡೆ ಕೈ ತೋರಿಸುತ್ತೇನೆ. ಆಚೆ ರಸ್ತೆ ಇದೆ, ಸೇದಿ ಬನ್ನಿ. ಆಗ ತಪ್ಪದೇ ಬರುವ ಮಾತೊಂದಿದೆ: "ಏನಯ್ಯಾ ಇಷ್ಟೊಂದು ಮಡಿ! ನಿಮ್ಮಪ್ಪ ಜೀವಮಾನ ಪೂರ್ತಿ ಬೀಡಿ ಸೇದಿಯೂ ಎಂಬತ್ತೊಂದು ವರ್ಷ ಗಟ್ಟಿಯಾಗಿರಲಿಲ್ವಾ?"

ಶಿಡ್ಲಘಟ್ಟದ ನೆಂಟರದ್ದೂ ಇದೇ, ಚಿಕ್ಕಬಳ್ಳಾಪುರದ ಆಫೀಸಿನವರದ್ದೂ ಇದೇ. ಕೇಳುವ ಧಾಟಿ ನೋಡಿ. ಉತ್ತರ ಅವರೇ ತಂದಿರುತ್ತಾರೆ, ಕೊನೆಗೊಂದು 'ವಾ' ಅಂಟಿಸಿರುತ್ತಾರೆ ಅಷ್ಟೆ.

ಹೌದು ಸ್ವಾಮಿ, ಗಟ್ಟಿಯಾಗಿದ್ದ. ದಿನಕ್ಕೊಂದು ಕಟ್ಟು ಎಳೆದು, 70 ದಾಟಿದ ಮೇಲೂ ತೋಟದಿಂದ ಹಿಪ್ಪುನೇರಳೆ ಸೊಪ್ಪಿನ ಹೊರೆ ತಲೆ ಮೇಲೆ ತರುತ್ತಿದ್ದ. ಹೀಗೆ ಉಳಿದವರು ಅಲ್ಲೊಬ್ಬ ಇಲ್ಲೊಬ್ಬ ಸಿಗುತ್ತಾರೆ. ಹೋದವರು ಮದುವೆಮನೆಗೆ ಬಂದು ವಾದಕ್ಕೆ ಕೂರುವುದಿಲ್ಲವಲ್ಲ, ನಿಮಗೆ ಅನುಕೂಲ.

ನಮ್ಮದು ರೇಷ್ಮೆ ಹುಳು ಸಾಕುವ ಮನೆ. ಹುಳುವಿಗೆ ಬೇರೆ ಮನೆ ಕಟ್ಟುವಷ್ಟು ದುಡ್ಡಿರಲಿಲ್ಲ. ಇದ್ದ ಎರಡು ಅಂಕಣದಲ್ಲಿ ದೊಡ್ಡದು ಹುಳುವಿಗೆ. ಚಿಕ್ಕದರಲ್ಲಿ ನಾವು ಐದು ಜನ, ಸೌದೆ ಒಲೆ, ಅಪ್ಪನ ಬೀಡಿ. ನಾನು ಐದನೇ ಕ್ಲಾಸಿನಲ್ಲಿದ್ದೆ ಅನ್ನಿಸುತ್ತೆ. ಹುಳು ನಾಲ್ಕನೇ ಜ್ವರ ಎದ್ದಿದ್ದವು. ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅಂತಾರೆ. ನಾಲ್ಕನೆಯದು ಎದ್ದರೆ ಹಗಲು ರಾತ್ರಿ ಸೊಪ್ಪು ಹಾಕಿದರೂ ಸಾಲದು. ಅಂಥ ಹೊತ್ತಲ್ಲಿ ಸೋದರಮಾವ ಬೀಡಿ ಕಚ್ಚಿಕೊಂಡೇ ಹುಳುವಿನ ಅಂಕಣಕ್ಕೆ ಇಣುಕಿದ. ಅಪ್ಪ ಹಾರಿ ಬಂದು ಅವನ ಬಾಯಿಂದಲೇ ಬೀಡಿ ಕಿತ್ತು ಅಂಗಳಕ್ಕೆ ಎಸೆದ. "ಹೊಗೆ ತಾಗಿದ್ರೆ ಹುಳು ಉಳೀತವೇನೋ? ಬುದ್ಧಿ ಇಲ್ವಾ ನಿನಗೆ?" ಅಂತ ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಬೈದ.

ಬೈದಿದ್ದು ಸರಿಯೇ. ರೇಷ್ಮೆ ಹುಳುವಿಗೆ ನಿಕೋಟಿನ್ ವಿಷ. ಹಿಪ್ಪುನೇರಳೆ ಪಕ್ಕ ಹೊಗೆಸೊಪ್ಪು ಬೆಳೆಯಬೇಡಿ ಅನ್ನುವುದೂ ಇದಕ್ಕೇ. ಗಿಡದ ಹೇನಿಗೆ ಹೊಗೆಸೊಪ್ಪಿನ ಕಷಾಯ ಹೊಡೆದವರಿಗೆ ಹೇಳಿಕೊಡಬೇಕಾಗಿಲ್ಲ. ಬೀಡಿ ಹಿಡಿದ ಕೈಯನ್ನು ಎರಡು ಸಲ ಸೋಪು ಹಾಕಿ ತೊಳೆಯದೆ ಅಪ್ಪ ಸೊಪ್ಪು ಮುಟ್ಟುತ್ತಿರಲಿಲ್ಲ. ಉಗುರಿನ ಸಂದಿಯನ್ನು ತೆಂಗಿನ ನಾರಿನಿಂದ ಉಜ್ಜುತ್ತಿದ್ದ.

ಮಾವನನ್ನು ಬೈದು ಮುಗಿಸಿ ಈಚೆ ಬಂದ. ಚಿಕ್ಕ ಅಂಕಣದ ಹೊಸಿಲ ಮೇಲೆ ಕೂತ. ಸಿಟ್ಟು ಇಳಿಯಲಿ ಅಂತ ಒಂದು ಬೀಡಿ ಹಚ್ಚಿದ. ಒಳಗೆ ಮೂರು ವರ್ಷದ ತಂಗಿ ಅಮ್ಮನ ತೊಡೆ ಮೇಲೆ ಸುಯ್ ಸುಯ್ ಅಂತ ಉಸಿರೆಳೆಯುತ್ತಿದ್ದಳು. ಒಂದೊಂದು ಉಸಿರಿಗೂ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು.

ಅಪ್ಪನನ್ನು ಆಡಿಕೊಳ್ಳಲು ಇದನ್ನು ಬರೆಯುತ್ತಿಲ್ಲ, ನೀವೂ ಆಡಿಕೊಳ್ಳಬೇಡಿ. ಹುಳು ಸತ್ತರೆ ಸಾಲ ಮೈಮೇಲೆ ಬರುತ್ತಿತ್ತು, ಅದೂ ಎರಡೇ ದಿನದಲ್ಲಿ ಗೊತ್ತಾಗುತ್ತಿತ್ತು. ಮಗುವಿನ ಉಬ್ಬಸಕ್ಕೆ ಶೀತ, ದೃಷ್ಟಿ ಅಂತ ಬೇಕಾದಷ್ಟು ಹೆಸರಿದ್ದವು. ಒಲೆ ಹೊಗೆ ಇತ್ತು, ಹುಳುವಿನ ಧೂಳೂ ಇತ್ತು. ಯಾವುದರ ಪಾಲು ಎಷ್ಟು ಅಂತ ತೂಗಿ ಹೇಳಲಾರೆ. ಆದರೆ ಮಕ್ಕಳು ನಮಗಿಂತ ಬೇಗ ಬೇಗ ಉಸಿರಾಡುತ್ತವೆ, ಉಸಿರಿನ ದಾರಿಯೂ ಸಣ್ಣದು. ಮನೆಯೊಳಗೆ ಸೇದಿದರೆ ಉಬ್ಬಸ ಕೆರಳುತ್ತೆ, ಕಿವಿ ಸೋರುತ್ತೆ, ನ್ಯುಮೋನಿಯಾ ಜಾಸ್ತಿ. ಡಾಕ್ಟರುಗಳು ಹೇಳಿ ಹೇಳಿ ಸುಸ್ತಾಗಿದ್ದಾರೆ. "ಕಿಟಕಿ ಹತ್ತಿರ ನಿಂತು ಸೇದ್ತೀನಿ ಬಿಡಿ" ಅನ್ನುವವರಿಗೆ ಒಂದೇ ಮಾತು: ಹುಳುವಿನ ಅಂಕಣಕ್ಕೂ ಕಿಟಕಿ ಇತ್ತು.

ಇಷ್ಟು ವರ್ಷದಲ್ಲಿ ಒಬ್ಬರಾದರೂ "ನಿಮ್ಮಮ್ಮ ಹೇಗಿದ್ದರು?" ಅಂತ ಕೇಳಿದ್ದರೆ ಕೂರಿಸಿ ಕಾಫಿ ಕೊಡುತ್ತಿದ್ದೆ. ಜಪಾನಿನ ಕ್ಯಾನ್ಸರ್ ಸಂಶೋಧಕ ತಾಕೇಶಿ ಹಿರಾಯಾಮಾ ಇಂಥದ್ದನ್ನೇ ಕೇಳಿದರು. ತಾವು ಸೇದದ 91,540 ಗೃಹಿಣಿಯರನ್ನು 14 ವರ್ಷ ಗಮನಿಸಿ 1981ರಲ್ಲಿ ಬರೆದರು: ಗಂಡ ದಿನಕ್ಕೆ 20 ಅಥವಾ ಹೆಚ್ಚು ಸಿಗರೇಟು ಸೇದಿದರೆ, ಹೆಂಡತಿ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವ ಅಪಾಯ ಸುಮಾರು ಎರಡು ಪಟ್ಟು. ಸಿಗರೇಟು ಕಂಪನಿಗಳು ಅವರ ಮೇಲೆ ಮುಗಿಬಿದ್ದವು. ನಮ್ಮಲ್ಲಿ 2008ರ ಅಕ್ಟೋಬರ್ 2ರಿಂದ ದೇಶದೆಲ್ಲೆಡೆ ಸಾರ್ವಜನಿಕ ಜಾಗದಲ್ಲಿ ಸೇದುವಂತಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಗುರುತಿಲ್ಲದವರಿಗೆ ತೋರಿಸುವ ಮರ್ಯಾದೆ ಅದು. ಮನೆಯ ಹೊಸಿಲೊಳಗೆ ಆ ಕಾನೂನು ಬರುವುದಿಲ್ಲ.

ಅಮ್ಮನಿಗೆ ಕ್ಯಾನ್ಸರ್ ಬರಲಿಲ್ಲ, ದಮ್ಮು ಬಂತು. 58ಕ್ಕೆಲ್ಲ ಬೀದಿ ಕೊಳಾಯಿಯಿಂದ ಒಂದು ಬಿಂದಿಗೆ ನೀರು ತರುವಷ್ಟರಲ್ಲಿ ಎರಡು ಕಡೆ ಕೂರುತ್ತಿದ್ದಳು. ಅಪ್ಪನಿಗಿಂತ ಹನ್ನೊಂದು ವರ್ಷ ಮೊದಲೇ ಹೋದಳು. ಆಸ್ಪತ್ರೆಗೆ ಮೊದಲ ಸಲ ಕರೆದುಕೊಂಡು ಹೋದಾಗ ಡಾಕ್ಟರ್ ಕೊಳವೆಯಲ್ಲಿ ಊದಿಸಿ ನೋಡಿ, "ಬೀಡಿ ಸೇದ್ತೀರೇನಮ್ಮಾ?" ಅಂದರು. ಅಮ್ಮನಿಗೆ ಎಂಥ ಅವಮಾನ! ಸೆರಗು ಸರಿ ಮಾಡಿಕೊಂಡು, "ನಮ್ಮ ವಂಶದಲ್ಲೇ ಹೆಂಗಸರು ಮುಟ್ಟಿಲ್ಲ ಸ್ವಾಮಿ" ಅಂದಳು.

"ಮತ್ತೆ ಮನೇಲಿ ಯಾರು ಸೇದ್ತಾರೆ?"

ಅಮ್ಮ ಬಾಗಿಲ ಕಡೆ ನೋಡಿದಳು. ಹೊರಗಿನ ಬೆಂಚಿನ ಮೇಲೆ ಅಪ್ಪನ ಟವಲು ಇತ್ತು, ಅಪ್ಪ ಇರಲಿಲ್ಲ.

"ಯಾರೂ ಇಲ್ಲ. ಒಲೆ ಹೊಗೆ" ಅಂದಳು.

ಡಾಕ್ಟರ್ ನನ್ನ ಮುಖ ನೋಡಿದರು. ನಾನೂ "ಹೌದು ಸಾರ್, ಒಲೆ" ಅಂದೆ. ಮನೆಗೆ ಗ್ಯಾಸ್ ಬಂದು ಆಗಲೇ ಆರು ವರ್ಷವಾಗಿತ್ತು.