ಡಾರ್ಲಿಂಗ್ಟನ್‌ನಲ್ಲಿ ಕಿವಿಗೆ ಬಿದ್ದ ರೇಸು

ಅಮೆರಿಕದ ಶಾರ್ಲೆಟ್‌ನಲ್ಲಿರುವ ಭಾವನ ಮನೆಗೆ ಹೋದಾಗ ಬೆಟ್ಟ, ಬೀಚು ಎಲ್ಲ ಸುತ್ತಿದೆವು. ಚೆನ್ನಾಗಿಯೇ ಇದ್ದವು. ಆದರೆ ಬರೆಯಲೇಬೇಕು ಅನಿಸಿದ್ದು ಸೌತ್ ಕೆರೊಲಿನಾದ ಡಾರ್ಲಿಂಗ್ಟನ್‌ನಲ್ಲಿ ನೋಡಿದ ನ್ಯಾಸ್ಕಾರ್ ಅನ್ನೋ ಕಾರ್ ರೇಸಿನ ಬಗ್ಗೆ.

1950ರಲ್ಲಿ ಶುರುವಾದ ಟ್ರ್ಯಾಕ್ ಇದು. ಜಾಗ ಕೊಟ್ಟವರು ಮೀನಿನ ಹೊಂಡ ಮುಚ್ಚಬಾರದು ಅಂದರಂತೆ. ಅದಕ್ಕೇ ಒಂದು ತುದಿ ಕಿರಿದಾಗಿ ಟ್ರ್ಯಾಕು ಮೊಟ್ಟೆಯ ಹಾಗಾಯಿತು. ಇಲ್ಲಿನ 500 ಮೈಲಿ ರೇಸು ಸದರ್ನ್ 500 ಅಂದರೆ 367 ಸುತ್ತು. ಶುರುವಿನಲ್ಲಿ ನನಗೆ ಬರೀ ಸದ್ದು.

ಆಮೇಲೆ ಭಾವ ಬಾಡಿಗೆಗೆ ತಂದ ಸ್ಕ್ಯಾನರ್ ಅನ್ನೋ ರೇಡಿಯೋ ನನ್ನ ಕಿವಿಗೆ ಹಾಕಿದರು. ಡ್ರೈವರ್ ತನ್ನ ತಂಡದ ಜೊತೆ ಆಡುವ ಮಾತನ್ನು ನಾವೂ ಕೇಳಬಹುದು! ಒಬ್ಬ "ಲೂಸ್, ಲೂಸ್" ಅಂತ ಕೂಗುತ್ತಿದ್ದ.

"ಏನು ಲೂಸಾಗಿದೆ ಭಾವ, ಚಕ್ರಾನಾ?"

ಭಾವನಿಗೂ ಗೊತ್ತಿರಲಿಲ್ಲ. ಪಕ್ಕದ ಸೀಟಿನ ಹಿರಿಯರೊಬ್ಬರನ್ನು ಕೇಳಿದೆವು. ಅವರು ಅಂಗೈಯನ್ನೇ ಕಾರು ಮಾಡಿಕೊಂಡು ತೋರಿಸಿದರು. ತಿರುವಿನಲ್ಲಿ ಹಿಂದಿನ ಟೈರು ಹಿಡಿತ ಬಿಟ್ಟು ಬಾಲ ಹೊರಗೆ ಜಾರಿದರೆ ಲೂಸ್. ಸ್ಟೀರಿಂಗ್ ತಿರುಗಿಸಿದರೂ ಮೂತಿ ತಿರುಗದೆ ಗೋಡೆ ಕಡೆಗೇ ಹೋದರೆ ಟೈಟ್. ಅಷ್ಟರಲ್ಲಿ ಆ ಕಾರು ಟೈರು, ರಿಪೇರಿಗೆ ನಿಲ್ಲುವ ಪಿಟ್‌ಗೆ ಬಂತು. ಒಬ್ಬ ಹಿಂದಿನ ಗಾಜಿನ ತೂತಿಗೆ ಉದ್ದನೆ ಸ್ಪ್ಯಾನರ್ ಹಾಕಿ ತಿರುಗಿಸಿದ. "ವೆಡ್ಜ್" ಅಂದರೆ ಅದೇ, ನಾಲ್ಕು ಚಕ್ರದ ಮೇಲೆ ಬೀಳುವ ಭಾರ ಹೊಂದಿಸೋದು. ಆಮೇಲೆ ಆ ಡ್ರೈವರ್ ದನಿಯೇ ಬದಲಾಯಿತು.

ಹೊರಗಡೆ ಅಂಚಿನಲ್ಲಿ ಕಪ್ಪಗೆ ಬಿದ್ದಿದ್ದ ರಬ್ಬರ್ ಚೂರುಗಳು "ಮಾರ್ಬಲ್ಸ್". ಅದರ ಮೇಲೆ ಹೋದರೆ ಟೈರು ನಿಲ್ಲೋಲ್ಲ. ಗೋಡೆಗೆ ಬಲಮಗ್ಗುಲು ಉಜ್ಜಿಕೊಂಡು ಬಂದ ಗೆರೆ "ಡಾರ್ಲಿಂಗ್ಟನ್ ಸ್ಟ್ರೈಪ್". ಇಲ್ಲಿ ವೇಗದ ದಾರಿ ಗೋಡೆಗೆ ಅಂಟಿಕೊಂಡೇ ಇದೆ, ಹಾಗಾಗಿ ಗೆಲ್ಲೋ ಕಾರಿಗೂ ಆ ಗೆರೆ ಬೀಳುತ್ತೆ.

ನನ್ನ ಮನಸ್ಸಿಗೆ ಜಾಸ್ತಿ ತಟ್ಟಿದ್ದು ಸ್ಪಾಟರ್, ಅಂದರೆ ಡ್ರೈವರ್ ಪರವಾಗಿ ನೋಡಿ ಹೇಳುವ ತಂಡದವನು. ಸ್ಟ್ಯಾಂಡಿನ ಮೇಲೆ ಎತ್ತರದಲ್ಲಿ ನಿಂತು "ಔಟ್‌ಸೈಡ್, ಸ್ಟಿಲ್ ದೇರ್, ಸ್ಟಿಲ್ ದೇರ್, ಕ್ಲಿಯರ್" ಅಂತ ಒಂದೇ ಸಮನೆ ಹೇಳುತ್ತಾನೆ, ಅಂದರೆ ಹೊರಬದಿಯಲ್ಲಿ ಕಾರಿದೆ, ಇನ್ನೂ ಇದೆ, ಈಗ ಇಲ್ಲ. ಸೀಟಿಗೆ ಬಿಗಿದು ಕೂತ ಡ್ರೈವರ್‌ಗೆ ಪಕ್ಕದ ಕಾರು ಸರಿಯಾಗಿ ಕಾಣೋಲ್ಲ. "ಕ್ಲಿಯರ್" ಅಂದ ತಕ್ಷಣ ಕಣ್ಣು ಮುಚ್ಚಿ ನಂಬಿ ಗೋಡೆ ಕಡೆ ಸರಿಯುತ್ತಾನೆ. ಆ ವೇಗದಲ್ಲಿ ಇನ್ನೊಬ್ಬರ ಮಾತಿನ ಮೇಲೆ ಜೀವ ಇಡೋದು ಸುಮ್ನೆ ಅಲ್ಲ, ಅಲ್ವಾ? ಟಿವಿಯಲ್ಲಿ ಇದೆಲ್ಲ ಇಷ್ಟು ಚೆನ್ನಾಗಿ ಗೊತ್ತಾಗೋದಿಲ್ಲ.

ರೇಸು ಮುಗಿಯುವ ಹೊತ್ತಿಗೆ ಸ್ಕ್ಯಾನರಿನ ಬ್ಯಾಟರಿ ಸತ್ತುಹೋಯಿತು. ಬಾಡಿಗೆ ಅಂಗಡಿಗೆ ಓಡಿದರೆ ಬದಲಿ ಕೊಡಲಿಲ್ಲ. ಅದಕ್ಕೆ ಇವತ್ತಿಗೂ ಕೋಪ ಇದೆ. ನೀವು ಹೋದರೆ ಕೌಂಟರಿನಲ್ಲೇ ಆನ್ ಮಾಡಿಸಿ, ಪೂರ್ತಿ ಚಾರ್ಜ್ ಆಗಿದೆಯಾ ನೋಡಿ, ಆಮೇಲೆ ದುಡ್ಡು ಕೊಡಿ. ಮಕ್ಕಳಿದ್ದರೆ ಹತ್ತಿ ಸಾಲದು, ಕಿವಿ ಪೂರ್ತಿ ಮುಚ್ಚುವ ಮಫ್ ಮನೆಯಿಂದಲೇ ತನ್ನಿ.